ತಡವಾಗಿ ಬಂದ ದಂಡಿನ ನೀಲಿ ಫಲಕ

'ಬೆನ್‌ಹರ್' ಚಿತ್ರವನ್ನು ನೋಡಿದವರು ಅದರ ಕಥೆಯನ್ನು ಮರೆತರೂ ರಥಗಳ ಓಟವನ್ನು ಮರೆಯಲಾರರು. 1959ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ, ಹನ್ನೊಂದು ಆಸ್ಕರ್ ಪ್ರಶಸ್ತಿಗಳನ್ನು ಬಾಚಿಕೊಂಡ ಆ ಚಿತ್ರಕ್ಕೆ ಮೂಲ, 1880ರಲ್ಲಿ ಪ್ರಕಟವಾದ ಒಂದು ಕಾದಂಬರಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅದರಷ್ಟು ಮಾರಾಟವಾದ ಕಾದಂಬರಿ ಇನ್ನೊಂದಿಲ್ಲ. ಅದನ್ನು ಬರೆದ ಲೂ ವ್ಯಾಲೇಸ್ ವೃತ್ತಿಯಿಂದ ವಕೀಲ, ಸ್ವಭಾವದಿಂದ ಕನಸುಗಾರ, ಒಂದು ಕಾಲಕ್ಕೆ ಸೇನೆಯಲ್ಲಿ ಮೇಜರ್ ಜನರಲ್. ಹಣ ಬಂತು, ಹೆಸರು ಬಂತು, ರಾಯಭಾರಿಯ ಪದವಿಯೂ ಬಂತು. ಆದರೆ ಈ ಮನುಷ್ಯನಿಗೆ ಸಾಯುವ ತನಕ ನಿದ್ದೆ ಕೆಡಿಸಿದ್ದು ಒಂದೇ ಒಂದು ಮಧ್ಯಾಹ್ನ: 1862ರ ಏಪ್ರಿಲ್ 6, ಭಾನುವಾರ. ಆ ಮಧ್ಯಾಹ್ನ ಆತ ತನ್ನ ಡಿವಿಷನ್ನಿನೊಂದಿಗೆ ಟೆನೆಸ್ಸಿಯ ಕೆಸರು ದಾರಿಯೊಂದರಲ್ಲಿ ನಡೆಯುತ್ತಿದ್ದ. ಅತ್ತ ಯುದ್ಧ ನಡೆದೇ ಇತ್ತು.

ಆ ಯುದ್ಧ ನಡೆದ ಸ್ಥಳದ ಹೆಸರು ಶೈಲೋ. ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಪುಟ್ಟ ಮೆಥಡಿಸ್ಟ್ ಚರ್ಚು ಅಲ್ಲಿತ್ತು. ಬೈಬಲ್ಲಿನಿಂದ ಬಂದ ಆ ಹೆಸರಿಗೆ 'ಶಾಂತಿಯ ನೆಲೆ' ಎಂದು ಅರ್ಥ ಹೇಳುವ ವಾಡಿಕೆ ಇದೆ. ಎರಡು ದಿನಗಳಲ್ಲಿ ಆ ನೆಲೆಯ ಸುತ್ತ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಒಟ್ಟು 23,746 ಮಂದಿ. ಅಲ್ಲಿಯವರೆಗೆ ಆ ಖಂಡ ಕಂಡ ಕದನಗಳಲ್ಲೆಲ್ಲ ಅದೇ ಅತ್ಯಂತ ರಕ್ತಸಿಕ್ತವಾದದ್ದು.

ಈಗ ಅದು ರಾಷ್ಟ್ರೀಯ ಸೈನಿಕ ಉದ್ಯಾನ. ಓಕ್ ಮರಗಳ ಕಾಡು, ನಡುವೆ ಹಳೆಯ ಹೊಲಗಳು, ಅಲ್ಲಲ್ಲಿ ಮೌನವಾಗಿ ಬಾಯಿ ತೆರೆದು ನಿಂತ ಫಿರಂಗಿಗಳು. ಇವುಗಳ ನಡುವೆ ಹೆಜ್ಜೆಗೊಂದರಂತೆ ಎರಕದ ಕಬ್ಬಿಣದ ಫಲಕಗಳು, ಆರುನೂರಕ್ಕೂ ಹೆಚ್ಚು. ಮೊದಲ ಸಲ ಹೋದವರಿಗೆ ತಲೆ ತಿರುಗುವಷ್ಟು. ಆದರೆ ಅವುಗಳನ್ನು ನಿಲ್ಲಿಸಿದವರು ಒಂದು ಭಾಷೆಯನ್ನೇ ಕಟ್ಟಿದ್ದಾರೆ. ನೀಲಿ ಬಣ್ಣದ್ದು ಗ್ರಾಂಟ್‌ನ ಟೆನೆಸ್ಸಿ ಸೇನೆಗೆ ಸೇರಿದ್ದು. ಹಳದಿ, ಬ್ಯುಯೆಲ್‌ನ ಓಹಾಯೋ ಸೇನೆಯದು. ಕೆಂಪು, ಎದುರಾಳಿಗಳಾದ ದಕ್ಷಿಣದ ಒಕ್ಕೂಟದವರದು. ಚೌಕ ಮೂಲೆಗಳ ಫಲಕವಾದರೆ ಮೊದಲ ದಿನದ ಹೋರಾಟ, ಅಂಡಾಕಾರದ ಫಲಕವಾದರೆ ಎರಡನೆಯ ದಿನದ್ದು. ಸೇನಾಧಿಕಾರಿಗಳ ಬಿಡಾರವಿದ್ದ ಜಾಗದಲ್ಲಿ ಫಿರಂಗಿ ಗುಂಡುಗಳನ್ನು ಪಿರಮಿಡ್ಡಿನಂತೆ ಪೇರಿಸಿಟ್ಟಿದ್ದಾರೆ. ಈ ಗುಟ್ಟು ತಿಳಿದವನಿಗೆ ಫಲಕದ ಅಕ್ಷರ ಓದುವ ಮೊದಲೇ ಯಾರು, ಯಾವಾಗ ಎಂಬುದು ದೂರದಿಂದಲೇ ಗೊತ್ತಾಗುತ್ತದೆ.

ಟೆನೆಸ್ಸಿ ಸೇನೆಯ ಮೂರನೆಯ ಡಿವಿಷನ್, ಅಂದರೆ ಲೂ ವ್ಯಾಲೇಸ್‌ನ ದಂಡು, ಹೋರಾಡಿದ ಜಾಗಗಳನ್ನು ಹುಡುಕುವವರು ಉದ್ಯಾನದ ಪಶ್ಚಿಮದ ಅಂಚಿಗೆ ಹೋಗಬೇಕು. ಅಲ್ಲಿ ಸಿಗುವುದು ನೀಲಿ ಅಂಡಾಕಾರಗಳು. ಮೊದಲ ದಿನದ ಕದನವನ್ನು ಹೇಳುವ ಚೌಕಗಳ ಸಾಲಿನಲ್ಲಿ ಗ್ರಾಂಟ್‌ನ ಉಳಿದ ಐದು ಡಿವಿಷನ್ನುಗಳು ಇವೆ. ಇದೊಂದು ಇರಲು ಸಾಧ್ಯವಿಲ್ಲ. ಆ ದಿನ ಸೂರ್ಯ ಮುಳುಗಿದ ಮೇಲೆ ಅದು ಬಂದದ್ದು. ಆರು ಮೈಲಿಯೂ ಇಲ್ಲದ ದೂರದಿಂದ!

ನದಿಯ ದಂಡೆಯ ಬಿಡಾರಗಳು

1862ರ ಮಾರ್ಚಿಯಲ್ಲಿ ಯುಲಿಸಿಸ್ ಗ್ರಾಂಟ್‌ನ ಸೇನೆ ಟೆನೆಸ್ಸಿ ನದಿಯ ಪಶ್ಚಿಮ ದಂಡೆಯಲ್ಲಿ ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬ ಹಡಗುಕಟ್ಟೆಯ ಬಳಿ ಬೀಡುಬಿಟ್ಟಿತ್ತು. ದಕ್ಷಿಣಕ್ಕೆ ಇಪ್ಪತ್ತು ಚಿಲ್ಲರೆ ಮೈಲಿ ದೂರದ ಕೊರಿಂತ್‌ನಲ್ಲಿ ಎರಡು ರೈಲು ದಾರಿಗಳು ಕೂಡುತ್ತಿದ್ದವು. ಅದನ್ನು ಹಿಡಿಯುವುದು ಗುರಿ. ಬ್ಯುಯೆಲ್‌ನ ಸೇನೆ ಬಂದು ಸೇರಲಿ ಎಂದು ಕಾಯುತ್ತಿದ್ದರು. ಹೊಡೆಯಲು ಹೊರಟವರಿಗೆ ತಾವೇ ಹೊಡೆಸಿಕೊಳ್ಳಬಹುದೆಂಬ ಯೋಚನೆ ಇರಲಿಲ್ಲ. ಕಂದಕ ತೋಡಿರಲಿಲ್ಲ. ಗ್ರಾಂಟ್ ಉಳಿದುಕೊಂಡಿದ್ದು ನದಿಯ ಕೆಳಗಡೆ ಒಂಬತ್ತು ಮೈಲಿ ದೂರದ ಸವಾನ್ನಾ ಊರಿನ ಒಂದು ಬಂಗಲೆಯಲ್ಲಿ.

ಐದು ಡಿವಿಷನ್ನುಗಳು ಪಿಟ್ಸ್‌ಬರ್ಗ್ ಲ್ಯಾಂಡಿಂಗಿನ ಸುತ್ತ ಇದ್ದರೆ, ಆರನೆಯದಾದ ಲೂ ವ್ಯಾಲೇಸ್‌ನ ಡಿವಿಷನ್ ಉತ್ತರಕ್ಕೆ ಕ್ರಂಪ್ಸ್ ಲ್ಯಾಂಡಿಂಗಿನಲ್ಲಿ ಪ್ರತ್ಯೇಕವಾಗಿತ್ತು. ಅದರ ಮೂರು ಬ್ರಿಗೇಡುಗಳೂ ಒಂದೆಡೆ ಇರಲಿಲ್ಲ. ಒಂದು ನದಿಯ ದಡದಲ್ಲಿ, ಇನ್ನೊಂದು ಒಳನಾಡಿನ ಸ್ಟೋನಿ ಲೋನ್‌ಸಮ್‌ನಲ್ಲಿ, ಮೂರನೆಯದು ಅದರಾಚೆ ಆಡಮ್ಸ್‌ವಿಲ್‌ನಲ್ಲಿ. ಇಂಡಿಯಾನಾ, ಓಹಾಯೋ, ಮಿಸೌರಿ, ನೆಬ್ರಾಸ್ಕ ಕಡೆಯ ಹುಡುಗರು, ಒಟ್ಟು ಏಳು ಸಾವಿರದಷ್ಟು.

ಅವರ ಜನರಲ್‌ಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಫೆಬ್ರವರಿಯಲ್ಲಿ ಫೋರ್ಟ್ ಡೊನೆಲ್ಸನ್ ಮುತ್ತಿಗೆಯಲ್ಲಿ ಮೇಲಿನವರ ಅಪ್ಪಣೆಗೆ ಕಾಯದೆ ಸಮಯಕ್ಕೆ ನೆರವು ಕಳಿಸಿ ಭೇಷ್ ಅನ್ನಿಸಿಕೊಂಡಿದ್ದ. ಅದರ ಫಲವಾಗಿ ಮಾರ್ಚಿಯಲ್ಲಿ ಮೇಜರ್ ಜನರಲ್ ಪದವಿ. ಉತ್ತರದ ಸೇನೆಯಲ್ಲಿ ಆ ಪದವಿಯಲ್ಲಿದ್ದವರಲ್ಲಿ ಎಲ್ಲರಿಗಿಂತ ಕಿರಿಯ. ಸೇನಾ ಶಾಲೆಯಲ್ಲಿ ಕಲಿತವನಲ್ಲ, ವಕೀಲ, ರಾಜಕಾರಣಿ. ವೆಸ್ಟ್ ಪಾಯಿಂಟಿನಲ್ಲಿ ಓದಿ ಬಂದ ಅಧಿಕಾರಿಗಳಿಗೆ ಇಂಥವರನ್ನು ಕಂಡರೆ ಅಷ್ಟಕ್ಕಷ್ಟೆ. ಇದನ್ನು ಮರೆತರೆ ಮುಂದಿನ ಕಥೆ ಅರ್ಧ ಅರ್ಥವಾಗುವುದಿಲ್ಲ.

ವ್ಯಾಲೇಸ್‌ನಿಂದ ಮುಖ್ಯ ಬೀಡಿಗೆ ಹೋಗಲು ಎರಡು ದಾರಿ. ಒಂದು ನದಿಯ ಪಕ್ಕದ ರಸ್ತೆ. ಅದು ಸ್ನೇಕ್ ಕ್ರೀಕ್ ಎಂಬ ಹಳ್ಳ ದಾಟಿ ನೇರ ಪಿಟ್ಸ್‌ಬರ್ಗ್ ಲ್ಯಾಂಡಿಂಗಿಗೆ ಬರುತ್ತಿತ್ತು. ಇನ್ನೊಂದು ಒಳಗಿನ ದಾರಿ, ಶನ್‌ಪೈಕ್. ಸುಂಕದ ರಸ್ತೆಯನ್ನು ತಪ್ಪಿಸಿಕೊಂಡು ಹೋಗುವ ದಾರಿಗಳಿಗೆ ಅಲ್ಲಿನ ಆಡುಮಾತಿನಲ್ಲಿ ಹಾಗೆನ್ನುತ್ತಾರೆ. ಅದು ಸೇನೆಯ ಬಲತುದಿಗೆ, ಜನರಲ್ ಶರ್ಮನ್‌ನ ಬಿಡಾರಗಳ ಕಡೆಗೆ, ಹೋಗುತ್ತಿತ್ತು. ವ್ಯಾಲೇಸ್ ತನ್ನ ಕುದುರೆ ಸವಾರರನ್ನು ಬಿಟ್ಟು ಈ ಶನ್‌ಪೈಕನ್ನು ರಿಪೇರಿ ಮಾಡಿಸಿದ. ಆಪತ್ತಿಗೆ ಒಬ್ಬರಿಗೊಬ್ಬರು ಆಗೋಣ ಎಂದು ಏಪ್ರಿಲ್ 5ರಂದು ಪಿಟ್ಸ್‌ಬರ್ಗ್ ಲ್ಯಾಂಡಿಂಗಿನಲ್ಲಿದ್ದ ಇನ್ನೊಂದು ಡಿವಿಷನ್ನಿನ ಮುಖ್ಯಸ್ಥನಿಗೆ ಒಂದು ಕಾಗದವನ್ನೂ ಬರೆದ. ಆತನ ಹೆಸರೂ ವ್ಯಾಲೇಸ್. ಡಬ್ಲ್ಯು. ಎಚ್. ಎಲ್. ವ್ಯಾಲೇಸ್. ಇಬ್ಬರಿಗೂ ರಕ್ತಸಂಬಂಧವೇನೂ ಇಲ್ಲ. ಈ ಕಾಗದ ಮುಂದೆ ಬರುತ್ತದೆ, ಇಪ್ಪತ್ತು ವರ್ಷಕ್ಕೂ ಮೇಲೆ.

ಸಹಿಯಿಲ್ಲದ ಆಜ್ಞೆ

ಏಪ್ರಿಲ್ 6ರ ನಸುಕಿನಲ್ಲಿ ಜನರಲ್ ಆಲ್ಬರ್ಟ್ ಸಿಡ್ನಿ ಜಾನ್ಸ್ಟನ್‌ನ ನಲವತ್ತು ಸಾವಿರಕ್ಕೂ ಮಿಕ್ಕ ದಕ್ಷಿಣದ ಸೈನ್ಯ ಕಾಡಿನಿಂದ ಹೊರಬಿತ್ತು. ಗ್ರಾಂಟ್ ಸವಾನ್ನಾದಲ್ಲಿ ಬೆಳಗಿನ ಉಪಾಹಾರಕ್ಕೆ ಕುಳಿತಿದ್ದಾಗ ಫಿರಂಗಿ ಸದ್ದು ಕೇಳಿಸಿತು. 'ಟೈಗ್ರೆಸ್' ಎಂಬ ಉಗಿದೋಣಿ ಏರಿ ನದಿಯ ಮೇಲುಗಡೆಗೆ ಹೊರಟ. ದಾರಿಯಲ್ಲಿ ಕ್ರಂಪ್ಸ್ ಲ್ಯಾಂಡಿಂಗಿನಲ್ಲಿ ದೋಣಿಯನ್ನು ನಿಧಾನಿಸಿ, ದಡದ ಬಳಿ ಇನ್ನೊಂದು ದೋಣಿಯಲ್ಲಿ ಕಾದಿದ್ದ ವ್ಯಾಲೇಸ್‌ಗೆ ಕೂಗಿ ಹೇಳಿದ: ಸಿದ್ಧವಾಗಿರು, ಅಪ್ಪಣೆ ಬರುತ್ತದೆ. ವ್ಯಾಲೇಸ್ ತನ್ನ ಬ್ರಿಗೇಡುಗಳಿಗೆ ಸ್ಟೋನಿ ಲೋನ್‌ಸಮ್‌ನಲ್ಲಿ ಒಂದುಗೂಡಲು ಹೇಳಿ ಕಾದು ಕುಳಿತ. ಒಂಬತ್ತಾಯಿತು, ಹತ್ತಾಯಿತು. ಸದ್ದು ಜೋರಾಗುತ್ತಲೇ ಹೋಯಿತು. ಅಪ್ಪಣೆ ಬರಲಿಲ್ಲ.

ಬಂದದ್ದು ಹನ್ನೊಂದು ದಾಟಿದ ಮೇಲೆ. ತಂದವನು ಕ್ಯಾಪ್ಟನ್ ಬ್ಯಾಕ್ಸ್ಟರ್, ಸಾಮಗ್ರಿ ವಿಭಾಗದ ಅಧಿಕಾರಿ. ಗ್ರಾಂಟ್ ಬಾಯಲ್ಲಿ ಹೇಳಿದ್ದನ್ನು ಅವನ ಸಹಾಯಕ ರಾಲಿನ್ಸ್ ಕೇಳಿಸಿಕೊಂಡು, ರಾಲಿನ್ಸ್ ಹೇಳಿದ್ದನ್ನು ಬ್ಯಾಕ್ಸ್ಟರ್ ಒಂದು ಚೀಟಿಯಲ್ಲಿ ಗೀಚಿಕೊಂಡಿದ್ದ. ಅದಕ್ಕೆ ಸಹಿ ಇರಲಿಲ್ಲ. ವ್ಯಾಲೇಸ್ ಓದಿ, ತನ್ನ ಸಿಬ್ಬಂದಿಯ ಕೈಗೆ ಕೊಟ್ಟ. ಆ ಗಡಿಬಿಡಿಯಲ್ಲಿ ಚೀಟಿ ಎಲ್ಲೋ ಕಳೆದುಹೋಯಿತು. ಮತ್ತೆ ಸಿಕ್ಕಲೇ ಇಲ್ಲ.

ಅದರಲ್ಲಿ ಏನಿತ್ತು? ನದಿಯ ರಸ್ತೆ ಹಿಡಿದು ಪಿಟ್ಸ್‌ಬರ್ಗ್ ಲ್ಯಾಂಡಿಂಗಿಗೆ ಬಾ ಎಂದಿತ್ತೆಂದು ಗ್ರಾಂಟ್ ಮತ್ತು ಅವನ ಕಡೆಯವರು ಕೊನೆಯವರೆಗೂ ವಾದಿಸಿದರು. ಸೇನೆಯ ಬಲತುದಿಯನ್ನು ಬಂದು ಸೇರಿಕೊ ಎಂದಿತ್ತೆಂದು ವ್ಯಾಲೇಸ್ ಮತ್ತು ಅವನ ಅಧಿಕಾರಿಗಳು. ಎರಡಕ್ಕೂ ಬರೀ ನಾಲ್ಕಾರು ಪದಗಳ ವ್ಯತ್ಯಾಸ. ಆದರೆ ನೆಲದ ಮೇಲೆ ಎರಡು ಬೇರೆ ರಸ್ತೆಗಳು. ಬಲತುದಿ ಎಂದರೆ ಶರ್ಮನ್‌ನ ಬಿಡಾರ. ಅದಕ್ಕೆ ಹತ್ತಿರದ ದಾರಿ ಶನ್‌ಪೈಕ್. ಅದನ್ನೇ ತಾನೆ ಈಚೆಗೆ ಸರಿಪಡಿಸಿದ್ದು? ವ್ಯಾಲೇಸ್ ಹುಡುಗರಿಗೆ ಊಟಕ್ಕೆ ಅರ್ಧ ಗಂಟೆ ಕೊಟ್ಟು, ನಡುಮಧ್ಯಾಹ್ನ ಶನ್‌ಪೈಕ್ ಹಿಡಿದು ಹೊರಟ. ಅವನ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು.

ತಪ್ಪಿದ್ದು ಬೇರೆ. ಅಷ್ಟು ಹೊತ್ತಿಗೆ ಶರ್ಮನ್ ಬೆಳಗಿನ ಜಾಗದಲ್ಲಿ ಇರಲಿಲ್ಲ. ಹೊಡೆತ ತಾಳಲಾರದೆ ಹಿಂದೆ ಹಿಂದೆ ಸರಿದು ನದಿಯ ಕಡೆಗೆ ಬಂದಿದ್ದ. ವ್ಯಾಲೇಸ್ ಹುಡುಕಿಕೊಂಡು ಹೊರಟ 'ಬಲತುದಿ'ಯಲ್ಲಿ ಈಗ ವೈರಿಗಳಿದ್ದರು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಇತ್ತ ಗ್ರಾಂಟ್, ವ್ಯಾಲೇಸ್ ಇನ್ನೂ ಬರಲಿಲ್ಲವೆ ಎಂದು ಒಬ್ಬರ ಮೇಲೊಬ್ಬರಂತೆ ಸವಾರರನ್ನು ಓಡಿಸುತ್ತಿದ್ದ. ಕ್ಯಾಪ್ಟನ್ ರೌಲಿ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಶನ್‌ಪೈಕಿನಲ್ಲಿ ಡಿವಿಷನ್ನನ್ನು ಹಿಡಿದು, ಸೇನೆ ನದಿಗೆ ಬೀಳುವಷ್ಟು ಹಿಂದೆ ತಳ್ಳಲ್ಪಟ್ಟಿದೆ ಎಂದು ತಿಳಿಸಿದಾಗ ವ್ಯಾಲೇಸ್‌ಗೆ ಆದ ಗಾಬರಿ ಊಹಿಸಬಹುದು. ಹೀಗೇ ಮುಂದುವರಿದರೆ ತನ್ನ ಡಿವಿಷನ್ ಒಂಟಿಯಾಗಿ ಶತ್ರುವಿನ ಬೆನ್ನಿಗೆ ಹೋಗಿ ನಿಲ್ಲುತ್ತದೆ. ಹಿಂದಿರುಗಲೇಬೇಕು.

ಇಲ್ಲಿ ಒಂದು ತಪ್ಪನ್ನು ವ್ಯಾಲೇಸ್‌ನ ಹೆಸರಿಗೇ ಬರೆಯಬೇಕಾಗುತ್ತದೆ. ಇಡೀ ಸಾಲಿಗೆ ನಿಂತಲ್ಲೇ ಹಿಂದೆ ತಿರುಗಿ ಎಂದಿದ್ದರೆ ಬಾಲ ತಲೆಯಾಗಿ, ತಕ್ಷಣ ನಡಿಗೆ ಶುರುವಾಗುತ್ತಿತ್ತು. ಆತ ಹಾಗೆ ಮಾಡಲಿಲ್ಲ. ಅನುಭವವುಳ್ಳ ಮೊದಲ ಬ್ರಿಗೇಡೇ ಮುಂದೆ ಇರಬೇಕೆಂದು, ಸಾಲಿನ ತಲೆಯನ್ನು ಹೊರಳಿಸಿ ಇಡೀ ಮೈಯ ಪಕ್ಕದಲ್ಲೇ ಹಿಂದಕ್ಕೆ ನಡೆಸಿದ. ಕಿರಿದಾದ ಕಾಡುದಾರಿಯಲ್ಲಿ ಮೈಲಿಗಟ್ಟಲೆ ಉದ್ದದ ಸಾಲು, ನಡುನಡುವೆ ಫಿರಂಗಿ ಬಂಡಿಗಳು. ಹೋದ ಹೊತ್ತು ಹೋಯಿತು. ಆಮೇಲೆ ಅಡ್ಡದಾರಿಯೊಂದನ್ನು ಹಿಡಿದು ನದಿಯ ರಸ್ತೆಗೆ ಬರಬೇಕಾಯಿತು. ಗ್ರಾಂಟ್ ಕಳಿಸಿದ ರಾಲಿನ್ಸ್ ಮತ್ತು ಮೆಕ್‌ಫರ್ಸನ್ ಬಂದು ಜೊತೆಗೂಡಿ, ಬೇಗ ಬೇಗ ಎಂದು ಅವಸರಪಡಿಸಿದರು. ವ್ಯಾಲೇಸ್ ಹಿಂದುಳಿದವರಿಗಾಗಿ ಸಾಲನ್ನು ನಿಲ್ಲಿಸಿ ಕಾಯುವುದನ್ನು ಕಂಡು ರಾಲಿನ್ಸ್‌ನ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಮುಂದೆ ವರದಿಯ ಅಕ್ಷರವಾಯಿತು.

ಅಷ್ಟರಲ್ಲಿ ಅತ್ತ ಏನೇನೋ ಆಗಿಹೋಗಿತ್ತು. ಕಾಲಿಗೆ ಗುಂಡು ತಗುಲಿ ರಕ್ತ ಸೋರಿ ಜಾನ್ಸ್ಟನ್ ಸತ್ತ. ನಡುವಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಪ್ರೆಂಟಿಸ್, ಸುತ್ತುವರಿದ ಶತ್ರುಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ಶರಣಾದ. ಅವನ ಪಕ್ಕದಲ್ಲಿದ್ದ ಇನ್ನೊಬ್ಬ ವ್ಯಾಲೇಸ್ ತಲೆಗೆ ಗುಂಡು ತಗುಲಿ ಬಿದ್ದ. ನದಿಯ ದಂಡೆಯ ಕೆಳಗೆ ಹೆದರಿ ಓಡಿಬಂದ ಸಾವಿರಾರು ಸೈನಿಕರು ಗುಂಪುಗೂಡಿದ್ದರು. ಲೂ ವ್ಯಾಲೇಸ್‌ನ ಮುಂಚೂಣಿ ಸ್ನೇಕ್ ಕ್ರೀಕ್ ದಾಟಿ ರಣರಂಗಕ್ಕೆ ಕಾಲಿಟ್ಟಾಗ ಸಂಜೆ ಏಳರ ಸುಮಾರು, ಕತ್ತಲು. ಏಳು ಗಂಟೆಗಳ ಕಾಲ, ಹದಿನೈದು ಮೈಲಿಯಷ್ಟು, ಕೆಸರಿನಲ್ಲಿ. ನಡಿಗೆಯ ಲೆಕ್ಕದಲ್ಲಿ ಇದು ಆಮೆವೇಗವೇನೂ ಅಲ್ಲ ಎಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಕಾದು ಕಾದು ಸೋತವನಿಗೆ ಮೈಲಿಯ ಲೆಕ್ಕ ಬೇಕಿರುವುದಿಲ್ಲ.

ಆ ರಾತ್ರಿ ಮಳೆ ಸುರಿಯಿತು. ನದಿಯಲ್ಲಿದ್ದ ಎರಡು ಯುದ್ಧದೋಣಿಗಳು ಹದಿನೈದು ನಿಮಿಷಕ್ಕೊಮ್ಮೆ ಗುಂಡು ಹಾರಿಸುತ್ತಲೇ ಇದ್ದವು. ಬ್ಯುಯೆಲ್‌ನ ಸೈನ್ಯ ನದಿ ದಾಟಿ ಬಂತು. ಮರುದಿನ ಬೆಳಕು ಹರಿಯುತ್ತಿದ್ದಂತೆ ಬಲತುದಿಯಲ್ಲಿ ಫಿರಂಗಿ ಸಿಡಿಸಿ ದಿನದ ಕದನವನ್ನು ಆರಂಭಿಸಿದ್ದು ಲೂ ವ್ಯಾಲೇಸ್‌ನ ಡಿವಿಷನ್ನೇ. ಸಂಜೆಯವರೆಗೂ ಅದು ಮುಂದೊತ್ತುತ್ತಲೇ ಹೋಯಿತು. ನೀಲಿ ಅಂಡಾಕಾರದ ಫಲಕಗಳು ಹೇಳುವುದು ಈ ದಿನದ ಮಾತನ್ನು. ಡಿವಿಷನ್ನಿಗೆ ಆದ ಸಾವುನೋವು ಮುನ್ನೂರರ ಆಸುಪಾಸು. ಉಳಿದವರ ಮುಂದೆ ಅದು ಏನೇನೂ ಅಲ್ಲ. ಮುಂದೆ ಇದೂ ವ್ಯಾಲೇಸ್‌ನ ವಿರುದ್ಧದ ಮಾತಾಯಿತು. ಕಡಿಮೆ ಹುಡುಗರನ್ನು ಸಾಯಿಸಿದ್ದಕ್ಕೂ ಒಬ್ಬ ಸೇನಾನಿ ಜವಾಬು ಹೇಳಬೇಕಾಗುತ್ತದೆ!

ಯುದ್ಧವನ್ನು ಗೆದ್ದರೂ ಸಾವಿನ ಸಂಖ್ಯೆ ಉತ್ತರದ ಮನೆಮನೆಯನ್ನೂ ತಲುಪಿದಾಗ ಜನ ಕೆರಳಿದರು. ಕಂದಕ ಏಕಿರಲಿಲ್ಲ? ಜನರಲ್ ಎಲ್ಲಿದ್ದ? ಕುಡಿದಿದ್ದನೇ? ಪತ್ರಿಕೆಗಳು ಗ್ರಾಂಟ್‌ನ ಬೆನ್ನುಹತ್ತಿದವು. ಇಂಥ ಹೊತ್ತಿನಲ್ಲಿ ತಡವಾಗಿ ಬಂದ ಒಬ್ಬ ವಕೀಲ-ಜನರಲ್ ಇದ್ದದ್ದು ಗ್ರಾಂಟ್‌ನ ಸುತ್ತಲಿನವರಿಗೆ ಅನುಕೂಲವಾಯಿತು. ಬೇಸಿಗೆಯ ಹೊತ್ತಿಗೆ ಲೂ ವ್ಯಾಲೇಸ್ ರಣರಂಗದಿಂದ ಹೊರಗೆ, ಕೆಲಸವಿಲ್ಲದೆ ಮನೆಯಲ್ಲಿ.

ಒಬ್ಬ ವಿಧವೆಯ ಪೆಟ್ಟಿಗೆ

ಆ ಬಳಿಕ ಆತ ಸುಮ್ಮನೆ ಕುಳಿತವನಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿ ನಗರದ ರಕ್ಷಣೆಗೆ ನಾಗರಿಕರನ್ನೇ ಕಟ್ಟಿ ಕೋಟೆ ಎಬ್ಬಿಸಿದ. ಶೈಲೋ ಬಗ್ಗೆ ವಿಚಾರಣಾ ಮಂಡಲಿ ನೇಮಿಸಿ ಎಂದು 1863ರಲ್ಲಿ ಬೇಡಿಕೆ ಇಟ್ಟು, ಶರ್ಮನ್‌ನ ಸಲಹೆಯಂತೆ ಹಿಂತೆಗೆದುಕೊಂಡ. 1864ರ ಜುಲೈ 9ರಂದು ಮೊನೊಕಸಿ ನದಿಯ ಬಳಿ, ವಾಷಿಂಗ್ಟನ್ ಮೇಲೆ ಬೀಳಲು ಹೊರಟ ಜುಬಲ್ ಅರ್ಲಿಯ ಸೇನೆಯನ್ನು ತನ್ನ ಎರಡು ಪಟ್ಟಿಗೂ ಮಿಕ್ಕ ಸಂಖ್ಯೆಯ ಎದುರು ಒಂದು ದಿನ ತಡೆದು ನಿಲ್ಲಿಸಿ ಸೋತ. ಆ ಒಂದು ದಿನದಲ್ಲಿ ರಾಜಧಾನಿಗೆ ಕುಮ್ಮಕ್ಕು ಬಂತು. ಅಂದು ತಡವಾಗಿ ಬಂದ ಎಂದು ಹೆಸರು ಕೆಡಿಸಿಕೊಂಡವನು ಇಂದು ಬೇರೆಯವರನ್ನು ತಡಮಾಡಿಸಿ ದೇಶದ ಮಾನ ಉಳಿಸಿದ. ಗ್ರಾಂಟ್ ಇದನ್ನು ತನ್ನ ನೆನಪುಗಳಲ್ಲಿ ಧಾರಾಳವಾಗಿಯೇ ಒಪ್ಪಿಕೊಂಡಿದ್ದಾನೆ.

ಯುದ್ಧ ಮುಗಿಯಿತು. ಲಿಂಕನ್ ಕೊಲೆಯ ಆರೋಪಿಗಳನ್ನು ವಿಚಾರಿಸಿದ ಸೈನಿಕ ನ್ಯಾಯಮಂಡಲಿಯಲ್ಲಿ ವ್ಯಾಲೇಸ್ ಕುಳಿತ. ಮುಂದೆ ನ್ಯೂ ಮೆಕ್ಸಿಕೋ ಪ್ರಾಂತ್ಯದ ಗವರ್ನರ್ ಆಗಿ 'ಬಿಲ್ಲಿ ದ ಕಿಡ್' ಎಂಬ ಹೆಸರುವಾಸಿ ಪುಂಡನೊಂದಿಗೆ ಗುಟ್ಟಾಗಿ ಮಾತುಕತೆ ನಡೆಸಿದ. ಸಾಂಟಾ ಫೆಯ ಹಳೆಯ ಅರಮನೆಯಲ್ಲಿ ರಾತ್ರಿ ದೀಪ ಹಚ್ಚಿಕೊಂಡು 'ಬೆನ್‌ಹರ್' ಮುಗಿಸಿದ. ಚಾವಣಿಯ ಹೆಂಚೊಂದು ಕೈ ತಾಗಿ ಜಾರಿ ರೋಮನ್ ಅಧಿಕಾರಿಯ ತಲೆಯ ಮೇಲೆ ಬೀಳುತ್ತದೆ. ಬೇಕೆಂದೇ ಕೆಡವಿದನೆಂದು ನಾಯಕನನ್ನು ಹಡಗಿನ ಹುಟ್ಟಿಗೆ ಕಟ್ಟುತ್ತಾರೆ. ಅವನ ಮಾತನ್ನು ಯಾರೂ ಕೇಳುವುದಿಲ್ಲ. ಇದನ್ನು ಬರೆಯುವಾಗ ಆ ಗವರ್ನರನ ಮನಸ್ಸಿನಲ್ಲಿ ಟೆನೆಸ್ಸಿಯ ಕಾಡುದಾರಿ ಇರಲಿಲ್ಲವೆಂದು ನಂಬುವುದು ಕಷ್ಟ.

ಇಷ್ಟಾದರೂ ಶೈಲೋ ಅವನನ್ನು ಬಿಡಲಿಲ್ಲ. 1868ರಲ್ಲಿಯೇ ಆತ ತನ್ನ ಹಳೆಯ ಅಧಿಕಾರಿಗಳಿಂದ ಸಾಕ್ಷಿಪತ್ರಗಳನ್ನು ಬರೆಯಿಸಿಕೊಂಡು ಗ್ರಾಂಟ್‌ಗೆ ಕಳಿಸಿದ್ದ. ಉತ್ತರ ಸೌಜನ್ಯದಿಂದಲೇ ಬಂತು, ಅಷ್ಟೆ. 1885ರಲ್ಲಿ 'ಸೆಂಚುರಿ' ಮಾಸಪತ್ರಿಕೆಯಲ್ಲಿ ಗ್ರಾಂಟ್ ಶೈಲೋ ಕುರಿತು ಬರೆದ ಲೇಖನ ಪ್ರಕಟವಾದಾಗ ಹಳೆಯ ಆಪಾದನೆ ಮತ್ತೆ ಅಚ್ಚಾಯಿತು. ಈ ಸಲ ಲಕ್ಷಾಂತರ ಓದುಗರ ಮುಂದೆ.

ಆಗ ನಡೆದದ್ದು ಯಾವ ಕಾದಂಬರಿಕಾರನೂ ನಂಬುವಂತೆ ಬರೆಯಲಾಗದ ಸಂಗತಿ. ಇನ್ನೊಬ್ಬ ವ್ಯಾಲೇಸ್ ಇದ್ದನಲ್ಲ, ಡಬ್ಲ್ಯು. ಎಚ್. ಎಲ್.? ಅವನ ಹೆಂಡತಿ ಆ್ಯನ್ ಗಂಡನಿಗೆ ಹೇಳದೆ, ಅಚ್ಚರಿಪಡಿಸಬೇಕೆಂದು ಇಲಿನಾಯಿಯಿಂದ ಉಗಿದೋಣಿ ಹತ್ತಿ ಹೊರಟಿದ್ದಳು. ಆಕೆಯ ದೋಣಿ ಪಿಟ್ಸ್‌ಬರ್ಗ್ ಲ್ಯಾಂಡಿಂಗಿಗೆ ಬಂದು ತಾಗಿದ್ದು ಏಪ್ರಿಲ್ 6ರ ಬೆಳಗಿನಲ್ಲೇ! ಗಂಡ ಆಗಲೇ ಕದನಕ್ಕೆ ಹೊರಟುಹೋಗಿದ್ದ. ದಿನವೆಲ್ಲ ಆಕೆ ದೋಣಿಗೆ ತಂದ ಗಾಯಾಳುಗಳ ಆರೈಕೆ ಮಾಡುತ್ತ ಕಾದಳು. ಸಂಜೆ ಬಂದದ್ದು ಆತ ಬಿದ್ದನೆಂಬ ಸುದ್ದಿ. ಮರುದಿನ ಕಳೆದುಕೊಂಡ ನೆಲ ಕೈಗೆ ಬಂದಾಗ, ರಾತ್ರಿಯಿಡೀ ಮಳೆಯಲ್ಲಿ ಬಿದ್ದಿದ್ದ ಆತ ಇನ್ನೂ ಉಸಿರಾಡುತ್ತಿದ್ದ. ಸವಾನ್ನಾದ ಆ ಬಂಗಲೆಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಏಪ್ರಿಲ್ 10ರಂದು ತೀರಿಕೊಂಡ. ಅದೇ ದಿನ ಲೂ ವ್ಯಾಲೇಸ್‌ಗೆ ಮೂವತ್ತೈದು ತುಂಬಿತು.

ಗಂಡನ ಕಾಗದಪತ್ರಗಳನ್ನು ಆ್ಯನ್ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವುಗಳಲ್ಲಿ ಲೂ ವ್ಯಾಲೇಸ್ ಏಪ್ರಿಲ್ 5ರಂದು ಬರೆದ ಆ ಕಾಗದವೂ ಇತ್ತು. ಶನ್‌ಪೈಕನ್ನು ತೆರೆದದ್ದು, ಆಪತ್ತಿನಲ್ಲಿ ಆ ದಾರಿಯಿಂದ ಒಬ್ಬರಿಗೊಬ್ಬರು ನೆರವಾಗುವುದು, ಎಲ್ಲವೂ ಕದನದ ಹಿಂದಿನ ದಿನದ ಶಾಯಿಯಲ್ಲಿ. ಅಂದರೆ ವ್ಯಾಲೇಸ್ ಆ ದಾರಿ ಹಿಡಿದದ್ದು ದಿಕ್ಕು ತಪ್ಪಿ ಅಲ್ಲ, ಮೊದಲೇ ಮಾತಾಡಿಕೊಂಡ ಏರ್ಪಾಟಿನಂತೆ. ಆಕೆ ಅದನ್ನು ಗ್ರಾಂಟ್‌ಗೆ ಕಳಿಸಿಕೊಟ್ಟಳು.

ಗ್ರಾಂಟ್ ಆಗ ಗಂಟಲಿನ ಕ್ಯಾನ್ಸರಿನಿಂದ ಸಾಯುತ್ತಿದ್ದ. ದಿವಾಳಿಯೆದ್ದ ಸಂಸಾರಕ್ಕೆ ನಾಲ್ಕು ಕಾಸು ಉಳಿಸಲು ಆತ್ಮಕಥೆಯ ಪುಟಗಳನ್ನು ಸಾವಿನೊಂದಿಗೆ ಪಂದ್ಯ ಕಟ್ಟಿದವನಂತೆ ಬರೆಯುತ್ತಿದ್ದ. ಶೈಲೋ ಅಧ್ಯಾಯ ಮುಗಿದಿತ್ತು. ಅದನ್ನು ಆತ ತಿದ್ದಿ ಬರೆಯಲಿಲ್ಲ. ಬದಲಿಗೆ ಒಂದು ಅಡಿಟಿಪ್ಪಣಿ ಸೇರಿಸಿದ. ಈ ಕಾಗದ ನೋಡಿದ ಮೇಲೆ ತಾನು ಹೇಳಿದ್ದು ಸಾಕಷ್ಟು ಬದಲಾಗುತ್ತದೆ, ಬೆಳಗಿನ ಸ್ಥಿತಿ ಬದಲಾಗದೆ ಇದ್ದಿದ್ದರೆ ವ್ಯಾಲೇಸ್ ಹಿಡಿದ ದಾರಿಯೇ ಹತ್ತಿರದ್ದಾಗುತ್ತಿತ್ತು ಎಂಬುದು ಅದರ ಸಾರ. 1885ರ ಜುಲೈ 23ರಂದು ಗ್ರಾಂಟ್ ತೀರಿಕೊಂಡ. ಪುಸ್ತಕ ಹೊರಬಂತು, ಮನೆಮನೆಗೂ ಹೋಯಿತು. ಅಧ್ಯಾಯವನ್ನು ಎಲ್ಲರೂ ಓದಿದರು. ಅಡಿಟಿಪ್ಪಣಿಯನ್ನು ಎಷ್ಟು ಜನ ಓದುತ್ತಾರೆ?

ಎರಕದಲ್ಲಿ ಇತಿಹಾಸ

1894ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಶೈಲೋವನ್ನು ಸೈನಿಕ ಉದ್ಯಾನವೆಂದು ಘೋಷಿಸಿ, ಯುದ್ಧ ಇಲಾಖೆಗೆ ವಹಿಸಿತು. ಆಯೋಗಕ್ಕೆ ಕಾರ್ನೀಲಿಯಸ್ ಕ್ಯಾಡಲ್ ಅಧ್ಯಕ್ಷ. ಸದಸ್ಯರಲ್ಲಿ ಮುದಿ ಬ್ಯುಯೆಲ್ ಇದ್ದ, ದಕ್ಷಿಣದ ಪರವಾಗಿ ರಾಬರ್ಟ್ ಲೂನಿ ಇದ್ದ. ನಿಜವಾದ ಕೆಲಸ ಬಿದ್ದದ್ದು ಕಾರ್ಯದರ್ಶಿಯೂ ಇತಿಹಾಸಕಾರನೂ ಆದ ಡೇವಿಡ್ ರೀಡ್ ಮೇಲೆ. ಯಾವ ರೆಜಿಮೆಂಟು ಎಷ್ಟು ಗಂಟೆಗೆ ಯಾವ ಮರದ ಬುಡದಲ್ಲಿತ್ತು ಎಂದು ಹಳೆಯ ವರದಿಗಳನ್ನು ಜಾಲಾಡಿ, ಬದುಕಿದ್ದ ಮುದುಕರನ್ನು ಕರೆಸಿ ನೆಲ ತೋರಿಸಿ, ಒಂದೊಂದೇ ಫಲಕದ ಮಾತನ್ನು ಆತ ಬರೆದ. ಫಲಕದಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ದಂಡಿನ ಹೆಸರು, ಹೊತ್ತು, ಜಾಗ. ವೀರಗಲ್ಲಿನ ಅಬ್ಬರ ಇಲ್ಲಿಲ್ಲ.

ಆದರೆ ಗಂಟೆ ಮತ್ತು ಜಾಗ ಎಷ್ಟು ನಿಷ್ಪಕ್ಷಪಾತವಾಗಿ ಕಂಡರೂ ಆಯ್ದುಕೊಂಡವನು ಒಬ್ಬ ಮನುಷ್ಯನೇ. ರೀಡ್ ಸ್ವತಃ ಹನ್ನೆರಡನೆಯ ಅಯೋವಾ ರೆಜಿಮೆಂಟಿನ ಸೈನಿಕನಾಗಿ, ಪ್ರೆಂಟಿಸ್‌ನ ಪಕ್ಕದಲ್ಲಿ, 'ಕಣಜದ ಗೂಡು' ಎಂದು ಹೆಸರಾದ ಕಡೆ ಹೋರಾಡಿದವನು. ಇಡೀ ಕದನದ ತಿರುವು ಅಲ್ಲಿಯೇ ಎಂಬಂತೆ ಉದ್ಯಾನದ ಕಥೆ ರೂಪುಗೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಮುಂದಿನ ತಲೆಮಾರಿನ ವಿದ್ವಾಂಸರು ಹೇಳಿದರು. ಎಡ್ವರ್ಡ್ ಕನ್ನಿಂಗ್‌ಹ್ಯಾಮ್ 1966ರಲ್ಲೇ ತನ್ನ ಪ್ರೌಢಪ್ರಬಂಧದಲ್ಲಿ ಇದನ್ನು ಪ್ರಶ್ನಿಸಿದ. ಅದು ಪುಸ್ತಕವಾಗಿ ಬಂದದ್ದು 2007ರಲ್ಲಿ. ಅಲ್ಲಿಯವರೆಗೂ ಎರಕದ ಮಾತೇ ಕೊನೆಯ ಮಾತು.

ಇದನ್ನು ಲೂ ವ್ಯಾಲೇಸ್‌ಗಿಂತ ಚೆನ್ನಾಗಿ ಅರಿತವರಿಲ್ಲ. ಪುಸ್ತಕದ ಅಡಿಟಿಪ್ಪಣಿಯನ್ನು ಜನ ಓದದೆ ಹೋಗಬಹುದು. ನೆಲದಲ್ಲಿ ನೆಟ್ಟ ಕಬ್ಬಿಣವನ್ನು ಎಲ್ಲರೂ ಓದುತ್ತಾರೆ. ಆತ ಆಯೋಗದವರೊಂದಿಗೆ ಪತ್ರ ವ್ಯವಹಾರಕ್ಕೆ ಇಳಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಎಪ್ಪತ್ತು ದಾಟಿದ ಮೇಲೆ, ರೀಡ್ ಮತ್ತು ಹಳೆಯ ಸಂಗಾತಿಗಳನ್ನು ಕೂಡಿಕೊಂಡು ಆ ದಿನ ನಡೆದ ದಾರಿಯನ್ನು ಮತ್ತೆ ಹುಡುಕಿಕೊಂಡು ಹೋದ. ಇಲ್ಲಿ ಚೀಟಿ ಬಂತು, ಇಲ್ಲಿ ಊಟ ಮಾಡಿದೆವು, ಇಲ್ಲಿ ರೌಲಿ ಸಿಕ್ಕಿದ, ಇಲ್ಲಿ ತಿರುಗಿದೆವು ಎಂದು. ಹಳೆಯ ದಾರಿಗಳು ಕೆಲವು ಉಳಿದಿದ್ದವು, ಕೆಲವು ಹೊಲವಾಗಿದ್ದವು. 1903ರ ಏಪ್ರಿಲ್‌ನಲ್ಲಿ ಇಂಡಿಯಾನಾ ರಾಜ್ಯ ತನ್ನ ರೆಜಿಮೆಂಟುಗಳ ಸ್ಮಾರಕಗಳನ್ನು ಶೈಲೋದಲ್ಲಿ ಅರ್ಪಿಸಿದಾಗ ಭಾಷಣಕ್ಕೆ ನಿಂತವರಲ್ಲಿ ಈ ಮುದುಕನೂ ಒಬ್ಬ. ಕದನ ನಡೆದು ನಲವತ್ತೊಂದು ವರ್ಷ. ಕೇಳಲು ಕುಳಿತವರಲ್ಲಿ ಅಂದು ಅವನ ಹಿಂದೆ ಕೆಸರು ತುಳಿದವರೂ ಇದ್ದರು.

ಸ್ಮಾರಕವೆಂದರೆ ಏನೆಂಬುದನ್ನು ಆತ ಬಹಳ ಹಿಂದೆಯೇ ಯೋಚಿಸಿದ್ದ. ಮೊನೊಕಸಿಯಲ್ಲಿ ಸೋತ ಬಳಿಕ ಬರೆದ ವರದಿಯಲ್ಲೇ, ಅಲ್ಲಿ ಸತ್ತವರನ್ನು ಒಂದೆಡೆ ಸೇರಿಸಿ ಹೂಳಿ, ರಾಜಧಾನಿಯನ್ನು ಉಳಿಸಲು ಸತ್ತರು, ಉಳಿಸಿಯೂ ಉಳಿಸಿದರು ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಕೇಳಿದ್ದ.

1905ರ ಫೆಬ್ರವರಿ 15ರಂದು ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನ ತನ್ನ ಮನೆಯಲ್ಲಿ ಲೂ ವ್ಯಾಲೇಸ್ ತೀರಿಕೊಂಡ. ಬರೆಯುತ್ತಿದ್ದ ಆತ್ಮಕಥೆ ಅರ್ಧದಲ್ಲಿ, ಮೊನೊಕಸಿಯ ಕದನದ ಬಳಿ, ನಿಂತಿತ್ತು. ಮುಂದಿನ ನಲವತ್ತು ವರ್ಷಗಳನ್ನು ಹೆಂಡತಿ ಸೂಸನ್ ಇನ್ನೊಬ್ಬ ಲೇಖಕಿಯ ನೆರವಿನಿಂದ ಬರೆದು ಮುಗಿಸಿದಳು. 'ಬೆನ್‌ಹರ್' ಬರೆದ ವರ್ಷಗಳು ಹೆಂಡತಿಯ ಪಾಲಿಗೆ. ಶೈಲೋದ ಪುಟಗಳನ್ನು ಮಾತ್ರ ಆತ ತಾನೇ, ಸಾಕ್ಷಿಗಳ ಪತ್ರಗಳನ್ನೂ ಒತ್ತಾಗಿ ಜೋಡಿಸಿ, ಬರೆದಿಟ್ಟು ಹೋಗಿದ್ದ. 1910ರಲ್ಲಿ ಅವನ ಅಮೃತಶಿಲೆಯ ಪ್ರತಿಮೆಯನ್ನು ಇಂಡಿಯಾನಾ ತನ್ನ ಕಾಣಿಕೆಯಾಗಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನಿಲ್ಲಿಸಿತು.

ಶೈಲೋದಲ್ಲಿ ಇನ್ನೊಬ್ಬ ವ್ಯಾಲೇಸ್ ಬಿದ್ದ ಜಾಗದಲ್ಲಿ ಒಂದು ಫಿರಂಗಿ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಗುಂಡುಗಳನ್ನು ಪೇರಿಸಿದ್ದಾರೆ. ಹತ್ತಿರದ ರಾಷ್ಟ್ರೀಯ ಸ್ಮಶಾನದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಸೈನಿಕರು ಮಲಗಿದ್ದಾರೆ. ಅವರಲ್ಲಿ ಎರಡು ಸಾವಿರಕ್ಕೂ ಮಿಕ್ಕವರ ಹೆಸರು ಯಾರಿಗೂ ಗೊತ್ತಿಲ್ಲ. ಪಶ್ಚಿಮದ ಅಂಚಿನಲ್ಲಿ ಮೂರನೆಯ ಡಿವಿಷನ್ನಿನ ನೀಲಿ ಫಲಕಗಳು ಕದನದ ಎರಡನೆಯ ದಿನ ಅದು ಎಷ್ಟು ಹೊತ್ತಿಗೆ ಎಲ್ಲಿತ್ತೆಂದು ಹೇಳುತ್ತವೆ. ಮೊದಲ ದಿನ ಅದು ನಡೆದ ದಾರಿಯ ಬಹುಪಾಲು ಉದ್ಯಾನದ ಗಡಿಯ ಆಚೆಗೆ, ಉತ್ತರದ ಹೊಲ ಕಾಡುಗಳಲ್ಲಿ, ಉಳಿದುಕೊಂಡಿದೆ.